'ನಮೂದಾಯಿತು' ಅಂತ ಸುಳ್ಳು ಹೇಳಿದ ನನ್ನ ಪ್ರೋಗ್ರಾಂ

ಸಾಮಾನ್ಯವಾಗಿ ಇಲ್ಲಿ ನಾವು ದುಡ್ಡಿನ ವಿಷಯ ಮಾತಾಡ್ತೀವಿ. ಇವತ್ತು ಒಂದು ಪ್ರೋಗ್ರಾಮಿನ ವಿಷಯ. ಗಾಬರಿ ಆಗಬೇಡಿ, ನಾನೂ ಬಿ.ಕಾಂ. ಓದಿದವನೇ. ಕೋಡಿಂಗ್ ಕಲಿತದ್ದು ಯೂಟ್ಯೂಬ್ ನೋಡಿ, ಅದೂ ಅರ್ಧಂಬರ್ಧ. ಆ ಅರ್ಧಂಬರ್ಧದಿಂದಾಗಿ ಒಬ್ಬ ಹೆಣ್ಣುಮಗಳು ಓಣಿಯವರ ಮುಂದೆ ಸುಳ್ಳುಗಾರ್ತಿ ಅನ್ನಿಸಿಕೊಳ್ಳಬೇಕಾಯ್ತು. ತಪ್ಪು ನಂದು. ಅದನ್ನೇ ಹೇಳ್ತೀನಿ.

ನಮ್ಮೂರು ಸುರೇಬಾನ. ರಾಮದುರ್ಗ ತಾಲೂಕು, ಬೆಳಗಾವಿ ಜಿಲ್ಲೆ. ಶಬರಿಕೊಳ್ಳದ ಹತ್ತಿರದ ಊರು ಅಂದ್ರೆ ಕೆಲವರಿಗೆ ಗುರುತು ಸಿಗುತ್ತೆ. ನಮ್ಮ ಭಾಗದಲ್ಲಿ ನೇಕಾರಿಕೆ ಹಳೇದು. ನಮ್ಮ ಓಣಿಯಲ್ಲಿ ಅಲಾರಂ ಇಡೋದು ಬೇಕಿಲ್ಲ, ಮಗ್ಗದ ಸಪ್ಪಳವೇ ಎಬ್ಬಿಸುತ್ತೆ. ಸಪ್ಪಳ ನಿಂತರೆ ಕರೆಂಟ್ ಹೋಯ್ತು ಅಂತ ಅರ್ಥ. ನಮ್ಮ ಕಾಕಾ ನೂಲು ಕೊಟ್ಟು ಸೀರೆ ನೇಯಿಸ್ತಾರೆ. ನೂಲು ಅವರದು, ಕೈಕೆಲಸ ನೇಕಾರರದು. ಸೀರೆಗೆ ಇಷ್ಟು ಅಂತ ಮಜೂರಿ, ವಾರಕ್ಕೊಮ್ಮೆ ಬಟವಡೆ. ಮೂವತ್ತು ವರ್ಷ ಈ ಲೆಕ್ಕ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲೇ ನಡೆದಿತ್ತು.

ಎರಡು ವರ್ಷದ ಹಿಂದೆ ನಾನು ಊರಿಗೆ ಹೋದಾಗ ಶಾಣ್ಯಾತನ ಮಾಡಿದೆ. "ಕಾಕಾ, ಇದನ್ನ ಕಂಪ್ಯೂಟರ್‌ದಾಗ ಮಾಡೋಣ" ಅಂದೆ. ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ನೇಕಾರರ ನಂಬರ್ ಒತ್ತಬೇಕು, ಎಷ್ಟು ಸೀರೆ ತಂದ್ರು ಅಂತ ಒತ್ತಬೇಕು, ಎಂಟರ್ ಹೊಡೀಬೇಕು. ಪ್ರತಿಯೊಬ್ಬರಿಗೂ ಒಂದೊಂದು ಎಕ್ಸೆಲ್ ಫೈಲು, ಅದರಲ್ಲಿ ಸಾಲು ಸೇರುತ್ತೆ. ಪರದೆ ಮೇಲೆ ದೊಡ್ಡಕ್ಷರದಲ್ಲಿ 'ನಮೂದಾಯಿತು' ಅಂತ ಬರುತ್ತೆ. ಕಾಕಾಗೆ ಭಾಳ ಖುಷಿ. ಪುಸ್ತಕ ಅಟ್ಟ ಸೇರಿತು.

ಆಮೇಲೆ ಶ್ರಾವಣ ಬಂತು. ಪಂಚಮಿ ಹಬ್ಬ ಎದುರಿಗಿತ್ತು, ಎಲ್ಲರಿಗೂ ಕೈಯಲ್ಲಿ ನಾಲ್ಕು ಕಾಸು ಬೇಕಾದ ಹೊತ್ತು. ಬಟವಡೆ ದಿನ ಓಣಿಯ ಒಬ್ಬ ಅಕ್ಕಾರು ಬಂದು ಕೂತರು. ಅವರ ಹೆಸರು ಇಲ್ಲಿ ಬೇಡ. ಅವರ ಪ್ರಕಾರ ಆ ವಾರ ಕೊಟ್ಟದ್ದು ಒಂಬತ್ತು ಸೀರೆ. ಲ್ಯಾಪ್‌ಟಾಪ್ ಪ್ರಕಾರ ನಾಲ್ಕು.

"ಒಂಬತ್ತು ಕೊಟ್ಟೀನ್ರಿ ಸಾವ್ಕಾರ್ರ."

"ಎಣಿಕಿ ತಪ್ಪಿರಬೇಕವಾ, ನೋಡಿಲ್ಲಿ, ನಾಕs ಅದಾವ. ಕಂಪ್ಯೂಟರ್ ಸುಳ್ಳು ಹೇಳ್ತೈತೇನು?"

ಸೀರೆಗಳು ಆಗಲೇ ಬೇರೆಯವರ ಸೀರೆ ಜೊತೆ ಗಂಟು ಕಟ್ಟಿ ವ್ಯಾಪಾರಿಗೆ ಹೋಗಿಬಿಟ್ಟಿದ್ದವು. ಎಣಿಸಿ ತೋರಿಸೋಕೆ ಏನೂ ಉಳಿದಿರಲಿಲ್ಲ. ಅದರ ಮೇಲೆ ಆಕೆ ಮಗಳ ಕಾಲೇಜ್ ಫೀಜಿಗೆ ಅಂತ ಮುಂಗಡ ಬೇರೆ ತಗೊಂಡಿದ್ದರು. ಅಲ್ಲಿ ಕೂತವರಲ್ಲಿ ಒಬ್ಬರು "ಮುಂಗಡ ಮುಟ್ಟಿಸಾಕ ಲೆಕ್ಕ ಹೆಚ್ಚು ಹೇಳತಾಳ" ಅಂತ ಅಂದೇಬಿಟ್ಟರಂತೆ. ಆಕೆ ಜಗಳ ಮಾಡಲಿಲ್ಲ. ನಾಲ್ಕು ಸೀರೆ ಮಜೂರಿಯನ್ನೂ ಮುಟ್ಟದೆ ಎದ್ದು ಹೋದರು.

ಅವತ್ತು ರಾತ್ರಿ ಕಾಕಾ ನನಗೆ ಫೋನ್ ಮಾಡಿದ್ರು. ಪ್ರೋಗ್ರಾಂ ಮೇಲೆ ಅನುಮಾನ ಬಂದು ಮಾಡಿದ್ದಲ್ಲ, ನನ್ನನ್ನು ಹೊಗಳೋಕೆ. "ಭಾಳ ಚಲೋ ಆತು ತಮ್ಮಾ, ಕಳವು ಸಿಕ್ತು" ಅಂದ್ರು. ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ಯಾಕಂದ್ರೆ ಆ ಕೋಡಿನೊಳಗೆ ನಾನು ಏನು ಬರೆದಿದ್ದೆ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು.

ಅದನ್ನ ಬಾಯಲ್ಲೇ ಹೇಳ್ತೀನಿ, ಕೋಡ್ ಬರದವರಿಗೂ ಅರ್ಥ ಆಗುತ್ತೆ. ಪೈಥಾನ್‌ನಲ್ಲಿ 'ಟ್ರೈ' ಅಂತ ಒಂದು ಪದ. ಇದರ ಕೆಳಗಿನ ಕೆಲಸ ಪ್ರಯತ್ನಿಸು ಅಂತ. 'ಎಕ್ಸೆಪ್ಟ್' ಅಂತ ಇನ್ನೊಂದು. ಪ್ರಯತ್ನ ಕೈಕೊಟ್ಟರೆ ಇಲ್ಲಿಗೆ ಬಾ ಅಂತ. 'ಪಾಸ್' ಅಂತ ಮೂರನೇದು, ಏನೂ ಮಾಡಬೇಡ, ಸುಮ್ನೆ ಮುಂದೆ ಹೋಗು ಅಂತ. ನಾನು ಬರೆದದ್ದು ಇಷ್ಟು: ಟ್ರೈ, ಫೈಲನ್ನು ಸೇವ್ ಮಾಡು. ಎಕ್ಸೆಪ್ಟ್, ಪಾಸ್. ಕೊನೆಗೆ ಪ್ರಿಂಟ್, 'ನಮೂದಾಯಿತು'.

ಅಂದ್ರೆ ಸೇವ್ ಆದರೂ 'ನಮೂದಾಯಿತು', ಆಗದಿದ್ದರೂ 'ನಮೂದಾಯಿತು'.

ಯಾಕೆ ಹಾಗೆ ಬರೆದೆ? ಬರೆಯುವಾಗ ಒಂದೆರಡು ಸಲ ಕೆಂಪಕ್ಷರದ ಇಂಗ್ಲಿಷ್ ಸಾಲುಗಳು ಬಂದಿದ್ದವು. ಕಾಕಾ ಅದನ್ನ ನೋಡಿ "ಇದೇನು ಕೆಟ್ಟೈತಿ?" ಅಂತ ಗಾಬರಿಯಾದರು. ಅವರಿಗೆ ಗಾಬರಿ ಆಗಬಾರದು ಅಂತ ಕೆಂಪಕ್ಷರವನ್ನೇ ತೆಗೆದುಹಾಕಿದೆ. ಜ್ವರ ಬಂದವನ ಥರ್ಮಾಮೀಟರ್ ಕಸಿದುಕೊಂಡ ಹಾಗೆ.

ಮರುದಿನ ಮುಂಜಾನೆ ಬಸ್ ಹಿಡಿದು ಊರಿಗೆ ಬಂದೆ. ಟ್ರೈ, ಎಕ್ಸೆಪ್ಟ್, ಪಾಸ್ ಮೂರೂ ಸಾಲು ಅಳಿಸಿದೆ. ಆ ಅಕ್ಕಾರ ನಂಬರ್ ಒತ್ತಿ, ಸುಮ್ಮನೆ ಒಂದು ಅಂತ ಹಾಕಿ, ಎಂಟರ್ ಹೊಡೆದೆ. ಹತ್ತು ಹನ್ನೆರಡು ಸಾಲು ಬಂತು, ಎಲ್ಲಕ್ಕಿಂತ ಕೊನೆಯ ಸಾಲು ಮುಖ್ಯ. ಅದು ಹೀಗಿತ್ತು: ಪರ್ಮಿಷನ್ ಎರರ್, ಎರ್‌ನೋ 13, ಪರ್ಮಿಷನ್ ಡಿನೈಡ್, ಆಮೇಲೆ ಆ ಅಕ್ಕಾರ ಫೈಲಿನ ಹೆಸರು.

ಈ ಒಂದು ಸಾಲಿನಲ್ಲಿ ನಾಲ್ಕು ವಿಷಯ ಇವೆ. ಇದು ಯಾವ ಜಾತಿಯ ತಪ್ಪು, ಅದರ ನಂಬರ್ ಎಷ್ಟು, ಮನುಷ್ಯರ ಭಾಷೆಯಲ್ಲಿ ಅದಕ್ಕೆ ಏನಂತಾರೆ, ಮತ್ತು ಯಾವ ಫೈಲಿನ ಮೇಲೆ ಆಯ್ತು. ಇದರಲ್ಲಿ ನಂಬರ್ರೂ ಮಾತೂ ಪೈಥಾನ್‌ನ ಸ್ವಂತದ್ದಲ್ಲ, ಕೆಳಗಿಂದ ಬಂದದ್ದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಥ ಆಗೋಕೆ ಎರಡು ರಾತ್ರಿ ಹಿಡೀತು.

ನಾವು ಬರೆಯೋ ಪ್ರೋಗ್ರಾಂ ನೇರವಾಗಿ ಹಾರ್ಡ್‌ಡಿಸ್ಕ್ ಮುಟ್ಟೋದಿಲ್ಲ. ಆಪರೇಟಿಂಗ್ ಸಿಸ್ಟಮ್‌ಗೆ ಅರ್ಜಿ ಕೊಡುತ್ತೆ: ಈ ಫೈಲು ತೆರೆದುಕೊಡಿ. ತಹಶೀಲ್ದಾರ್ ಕಚೇರಿ ಕೌಂಟರ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಸರಿ. ಆಗದಿದ್ದರೆ ಆಪರೇಟಿಂಗ್ ಸಿಸ್ಟಮ್ ಒಂದು ನಂಬರ್ ಬರೆದು ಅರ್ಜಿ ವಾಪಸ್ ಕೊಡುತ್ತೆ. 2 ಅಂದ್ರೆ ಅಂಥ ಫೈಲೇ ಇಲ್ಲ. 13 ಅಂದ್ರೆ ಅನುಮತಿ ಇಲ್ಲ. 17 ಅಂದ್ರೆ ಆ ಹೆಸರಿನ ಫೈಲು ಆಗಲೇ ಇದೆ. 28 ಅಂದ್ರೆ ಡಿಸ್ಕಿನಲ್ಲಿ ಜಾಗ ಇಲ್ಲ. ಯುನಿಕ್ಸ್ ಮತ್ತು ಸಿ ಭಾಷೆಯ ಕಾಲದಿಂದ ಈ ನಂಬರ್ ಕೂರುವ ಜಾಗಕ್ಕೆ 'ಎರ್‌ನೋ' ಅಂತ ಹೆಸರು. ಎರರ್ ನಂಬರ್ ಅನ್ನೋದರ ಗಿಡ್ಡ ರೂಪ.

ಬರೀ 13 ಅಂದ್ರೆ ಯಾರಿಗೆ ಗೊತ್ತಾಗುತ್ತೆ? ಅದಕ್ಕೆ ಸಿ ಭಾಷೆಯಲ್ಲಿ ಎರಡು ಸಾಮಾನು ಇಟ್ಟರು. ಒಂದು 'ಎಸ್‌ಟಿಆರ್-ಎರರ್'. ನಂಬರ್ ಕೊಟ್ಟರೆ ಮಾತು ಕೊಡುತ್ತೆ. ಇನ್ನೊಂದು 'ಪಿ-ಎರರ್', ಅಂದ್ರೆ ಪ್ರಿಂಟ್ ಎರರ್. ಇದು ಮೊದಲು ನೀವು ಕೊಟ್ಟ ಪದ, ಆಮೇಲೆ ಒಂದು ಕೋಲನ್, ಆಮೇಲೆ ಸಿಸ್ಟಮ್ ಹೇಳಿದ ಕಾರಣ, ಹೀಗೆ ಒಂದೇ ಸಾಲಲ್ಲಿ ಮುದ್ರಿಸುತ್ತೆ. ಇಲ್ಲಿ ನೀವು ಕೊಡೋ ಪದ ಬಹಳ ಮುಖ್ಯ. ಫೈಲಿನ ಹೆಸರನ್ನು ನೀವೇ ಕೊಡದಿದ್ದರೆ ಪಿ-ಎರರ್‌ಗೆ ಅದು ಗೊತ್ತೇ ಇರೋದಿಲ್ಲ. 'ಅಂಥ ಫೈಲು ಇಲ್ಲ' ಅಂತ ಮಾತ್ರ ಬಂದರೆ ಎಂಥ ಫೈಲು ಅಂತ ಕೇಳಿಕೊಂಡು ಕೂರಬೇಕು. ಪರ್ಲ್ ಭಾಷೆಯವರು ಡಾಲರ್ ಚಿಹ್ನೆ, ಅದರ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಒಂದು ವೇರಿಯೇಬಲ್ ಮಾಡಿದ್ದಾರೆ. ಲೆಕ್ಕದಲ್ಲಿ ಬಳಸಿದರೆ ನಂಬರ್ ಆಗುತ್ತೆ, ವಾಕ್ಯದಲ್ಲಿ ಬಳಸಿದರೆ ಮಾತಾಗುತ್ತೆ. ತಪ್ಪಿಗೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

ಸಿ ಭಾಷೆಯಲ್ಲಿ ಇನ್ನೊಂದು ಮೋಸ ಇದೆ. ಎರ್‌ನೋ ಅನ್ನೋದು ಒಂದೇ ಒಂದು ಸ್ಲೇಟು. ತಪ್ಪಾದ ತಕ್ಷಣ ಓದಿಕೊಳ್ಳಬೇಕು. ನಡುವೆ ಇನ್ನೇನೋ ಕೆಲಸ ಮಾಡಿದ್ರೆ ಆ ಸ್ಲೇಟಿನ ಮೇಲೆ ಬೇರೆ ನಂಬರ್ ಕೂತಿರಬಹುದು. ಕೆಲಸ ಸರಿಯಾಗಿ ಆದರೆ ಸ್ಲೇಟು ತಾನಾಗಿ ಒರೆಸಿಹೋಗೋದೂ ಇಲ್ಲ. ಇದರಿಂದ ಹುಟ್ಟಿದ ಒಂದು ಹಳೇ ತಮಾಷೆ ಇದೆ. ಏನೋ ಮುದ್ರಿಸುವ ಮೊದಲು ಸಿ ಲೈಬ್ರರಿ ಒಳಗೊಳಗೇ, ಈ ಕಡೆ ಇರೋದು ಟರ್ಮಿನಲ್ಲಾ ಅಂತ ಒಮ್ಮೆ ಪರೀಕ್ಷಿಸುತ್ತಿತ್ತು. ಅಲ್ಲ ಅಂದ್ರೆ ಸ್ಲೇಟಿನ ಮೇಲೆ 25 ಅಂತ ಉಳೀತಿತ್ತು. ಹಳೇ ಯುನಿಕ್ಸ್‌ನಲ್ಲಿ 25ಕ್ಕೆ ಕೊಟ್ಟ ಮಾತು 'ನಾಟ್ ಎ ಟೈಪ್‌ರೈಟರ್'. ಹಾಗಾಗಿ ಇಮೇಲ್ ಕಳಿಸಿದವರಿಗೆ, ನಿಮ್ಮ ಪತ್ರ ತಲುಪಲಿಲ್ಲ, ಕಾರಣ: ಇದು ಟೈಪ್‌ರೈಟರ್ ಅಲ್ಲ ಅಂತ ಉತ್ತರ ಬಂದದ್ದುಂಟು! ಪತ್ರ ತಲುಪದ್ದಕ್ಕೂ ಟೈಪ್‌ರೈಟರಿಗೂ ಏನೇನೂ ಸಂಬಂಧ ಇಲ್ಲ. ಯಾರೋ ತಡವಾಗಿ ಸ್ಲೇಟು ಓದಿದ್ದರು, ಅಷ್ಟೇ. ಪೈಥಾನ್‌ನಲ್ಲಿ ಈ ಕಾಟ ಇಲ್ಲ. ತಪ್ಪು ಆದ ಕ್ಷಣದ ನಂಬರ್, ಮಾತು, ಫೈಲ್ ಹೆಸರು ಮೂರನ್ನೂ ಒಂದೇ ಲಕೋಟೆಗೆ ಹಾಕಿ ನಿಮ್ಮ ಕೈಗೆ ಕೊಡುತ್ತೆ. ಆ ಲಕೋಟೆಗೆ ಓಎಸ್-ಎರರ್ ಅಂತ ಹೆಸರು. 2012ರಲ್ಲಿ ಬಂದ ಪೈಥಾನ್ 3.3ರಿಂದ ಲಕೋಟೆ ಮೇಲೆಯೇ ಪರ್ಮಿಷನ್ ಎರರ್, ಫೈಲ್ ನಾಟ್ ಫೌಂಡ್ ಎರರ್ ಅಂತ ಬೇರೆ ಬೇರೆ ಹೆಸರೂ ಬರೆದಿರುತ್ತೆ. ನಾನು ಅಂಥ ಲಕೋಟೆಯನ್ನು ತೆರೆಯದೆ ಒಲೆಗೆ ಹಾಕಿದ್ದೆ.

ಇಲ್ಲಿ ಕಾಮರ್ಸ್ ಓದಿದವರಿಗೆ ಒಂದು ಮಾತು. ಚೆಕ್ ಬೌನ್ಸ್ ಆದಾಗ ಬ್ಯಾಂಕು ಬರೀ ಚೆಕ್ ವಾಪಸ್ ಕೊಡಲ್ಲ, ಜೊತೆಗೆ ಒಂದು ರಿಟರ್ನ್ ಮೆಮೊ ಕೊಡುತ್ತೆ. ಅದರಲ್ಲಿ ಕಾರಣ ಇರುತ್ತೆ. ಖಾತೆಯಲ್ಲಿ ಹಣ ಸಾಲದು ಅಂತಲೋ, ಸಹಿ ಹೊಂದುತ್ತಿಲ್ಲ ಅಂತಲೋ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕೇಸು ನಿಲ್ಲೋದೇ ಆ ಕಾರಣದ ಮೇಲೆ. ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನದೊಳಗೆ ಅವರು ದುಡ್ಡು ಕೊಡಬೇಕು. ಸೆಕ್ಷನ್ 146ರ ಪ್ರಕಾರ ಬ್ಯಾಂಕಿನ ಆ ಚೀಟಿಯನ್ನೇ ಕೋರ್ಟು ಮೇಲ್ನೋಟದ ಸಾಕ್ಷಿ ಅಂತ ಒಪ್ಪುತ್ತೆ. ಇನ್ನು ಹಳೇ ಬ್ಯಾಂಕಿನವರು ಮುಜುಗರ ತಪ್ಪಿಸೋಕೆ ಬರೀತಿದ್ದ ಒಂದು ಮಾತಿತ್ತು, 'ರೆಫರ್ ಟು ಡ್ರಾಯರ್'. ಚೆಕ್ ಬರೆದವರನ್ನೇ ಕೇಳಿಕೊಳ್ಳಿ ಅಂತ. ಬ್ಯಾಂಕಿಂಗ್ ಪಾಠದಲ್ಲಿ ಇದನ್ನ ಓದಿ ನಾವು ನಕ್ಕಿದ್ದೆವು. ಇವತ್ತು ಆ್ಯಪ್‌ಗಳಲ್ಲಿ ಬರುತ್ತಲ್ಲ, 'ಸಮ್‌ಥಿಂಗ್ ವೆಂಟ್ ರಾಂಗ್, ಟ್ರೈ ಅಗೇನ್ ಲೇಟರ್', ಅದು ರೆಫರ್ ಟು ಡ್ರಾಯರ್‌ನ ಮೊಮ್ಮಗು. ಏನೋ ತಪ್ಪಾಯ್ತಂತೆ. ಏನು ತಪ್ಪಾಯ್ತು ಅಂತ ಅದಕ್ಕೆ ಗೊತ್ತು, ನಮಗೆ ಹೇಳಲ್ಲ. ನನ್ನ ಪ್ರೋಗ್ರಾಂ ಅಷ್ಟೂ ಹೇಳಲಿಲ್ಲ. ಅದು ಬೌನ್ಸ್ ಆದ ಚೆಕ್ಕಿಗೆ 'ಜಮಾ' ಅಂತ ಸೀಲು ಹೊಡೀತಿತ್ತು.

ಸರಿ, ವಾಪಸ್ ಕಾಕಾನ ಪಡಸಾಲೆಗೆ. 13, ಪರ್ಮಿಷನ್ ಡಿನೈಡ್. ಇದನ್ನ ಓದಿ ನಾನು ಮೊದಲು ತಪ್ಪು ದಾರಿಯಲ್ಲೇ ಹೋದೆ. ಅನುಮತಿ ಇಲ್ಲ ಅಂದ್ರೆ ಪಾಸ್‌ವರ್ಡು, ಅಡ್ಮಿನ್ನು, ಆಂಟಿವೈರಸ್ಸು ಅಂತ ಒಂದು ತಾಸು ಕೆದಕಿದೆ. ಬೇರೆ ನೇಕಾರರ ನಂಬರ್ ಹಾಕಿದ್ರೆ ಸೇವ್ ಆಗುತ್ತೆ, ಈ ಒಂದು ಫೈಲು ಮಾತ್ರ ಆಗಲ್ಲ. ಕಾಕು ಚಹಾ ತಂದಿಟ್ಟಾಗ ನೋಡ್ತೀನಿ, ಪರದೆಯ ಕೆಳಗಿನ ಪಟ್ಟಿಯಲ್ಲಿ ಹಸಿರು ಎಕ್ಸೆಲ್ ಚಿಹ್ನೆ. ಒತ್ತಿದೆ. ಅದೇ ಅಕ್ಕಾರ ಫೈಲು ತೆರೆದಿತ್ತು.

ಆಗಿದ್ದು ಇಷ್ಟು. ಮುಂಗಡದಲ್ಲಿ ಎಷ್ಟು ಮುರಕೊಳ್ಳಬೇಕು ಅಂತ ನೋಡೋಕೆ ಕಾಕಾ ವಾರದ ನಡುವೆ ಒಂದು ದಿನ ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಿದ್ದರು. ಮುಚ್ಚಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಳ ಮಾತ್ರ ಮುಚ್ಚೋರು, ತೆಗೆಯೋರು. ವಿಂಡೋಸ್‌ನಲ್ಲಿ ಎಕ್ಸೆಲ್ ಒಂದು ಫೈಲನ್ನು ಹಿಡಿದುಕೊಂಡಿದ್ದರೆ ಇನ್ನೊಂದು ಪ್ರೋಗ್ರಾಂ ಅದರ ಮೇಲೆ ಬರೆಯೋಕೆ ಬಿಡಲ್ಲ. ಆ ದಿನದಿಂದ ಆಕೆ ತಂದ ಐದೂ ಸೀರೆ, ಐದೂ ಸಲ 'ನಮೂದಾಯಿತು' ಅನ್ನಿಸಿಕೊಂಡು, ಎಲ್ಲೂ ನಮೂದಾಗದೆ ಹೋದವು. ಉಳಿದವರ ಫೈಲು ಯಾವುದೂ ತೆರೆದಿರಲಿಲ್ಲ, ಅವರ ಲೆಕ್ಕ ಸರಿಯಾಗಿತ್ತು. ಅದಕ್ಕೇ ಆಕೆಯೊಬ್ಬರೇ ಸುಳ್ಳು ಹೇಳಿದಂತೆ ಕಂಡಿದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಆಮೇಲೆ ಗೊತ್ತಾಯ್ತು. ವಿಂಡೋಸ್‌ಗೆ ತನ್ನದೇ ನಂಬರ್ ಪಟ್ಟಿ ಇದೆ. ಫೈಲನ್ನು ಬೇರೆ ಪ್ರೋಗ್ರಾಂ ಬಳಸ್ತಾ ಇದೆ ಅನ್ನೋದಕ್ಕೆ ಅಲ್ಲಿ 32 ಅಂತ ಪ್ರತ್ಯೇಕ ನಂಬರ್ ಉಂಟು. ಆದ್ರೆ ಪೈಥಾನ್‌ನಲ್ಲಿ ಫೈಲು ತೆರೆಯುವ ದಾರಿ ಸಿ ಲೈಬ್ರರಿ ಮೂಲಕ ಹೋಗುತ್ತೆ. ಆ ಲೈಬ್ರರಿ 32ನ್ನು ಯುನಿಕ್ಸ್ ಪಟ್ಟಿಗೆ ಹೊಂದಿಸುವಾಗ 13 ಮಾಡಿಬಿಡುತ್ತೆ. 'ಬೇರೆಯವರ ಕೈಯಲ್ಲಿದೆ' ಅನ್ನೋದು 'ಅನುಮತಿ ಇಲ್ಲ' ಆಗಿಬಿಟ್ಟಿತು. ನೋಡಿ, ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಬರುವಾಗಲೇ ಇಷ್ಟು ಸವೆದಿರುತ್ತೆ. ಅದರ ಮೇಲೆ ನಾನು ಮೂರನೇ ಬಾಯಿ. ನಾನು ಅದನ್ನ ಇನ್ನಷ್ಟು ಸವೆಸಬಾರದಿತ್ತು. ಬಂದದ್ದನ್ನು ಬಂದ ಹಾಗೆ ತೋರಿಸಬೇಕಿತ್ತು.

ಆಯ್ತಲ್ಲ, ತಿದ್ದೋಣ ಅಂತ ಕೂತೆ. ಇಲ್ಲಿ ಎರಡನೇ ಶಾಣ್ಯಾತನ. ಇಂಗ್ಲಿಷ್ ಸಾಲು ಕಾಕಾಗೆ ಅರ್ಥ ಆಗಲ್ಲ, ಚೆಂದಗೆ ಕನ್ನಡದಲ್ಲಿ ಬರೆಯೋಣ: 'ತಪ್ಪಾಗಿದೆ, ಫೈಲು ತೆರೆದಿರಬಹುದು, ಮುಚ್ಚಿ ಮತ್ತೆ ಪ್ರಯತ್ನಿಸಿ'. ನನಗೂ ದೂರದಿಂದ ಗೊತ್ತಾಗಲಿ ಅಂತ ಪರದೆ ಮೇಲೆ ಬರೋದೆಲ್ಲ ಒಂದು ಲಾಗ್ ಫೈಲಿಗೂ ಹೋಗುವ ಹಾಗೆ ಮಾಡಿದೆ. ಪರೀಕ್ಷೆಗೆ ಓಡಿಸಿದರೆ, ತಪ್ಪು ಹೇಳಬೇಕಾದ ಸಾಲೇ ತಪ್ಪಿ ಬಿತ್ತು. ಯುನಿಕೋಡ್ ಎನ್‌ಕೋಡ್ ಎರರ್! ಆ ಲ್ಯಾಪ್‌ಟಾಪಿನಲ್ಲಿ ಔಟ್‌ಪುಟ್ ಫೈಲಿಗೆ ತಿರುಗಿಸಿದಾಗ ಪೈಥಾನ್ ಹಳೇ ವಿಂಡೋಸ್ ಅಕ್ಷರಪಟ್ಟಿ ಬಳಸುತ್ತಿತ್ತು. ಅದರಲ್ಲಿ ಕನ್ನಡ ಇಲ್ಲವೇ ಇಲ್ಲ. ಕನ್ನಡದಲ್ಲಿ ಅಳೋಕೂ ಬಿಡದ ಯಂತ್ರ ಅಂತ ಸಿಟ್ಟು ಬಂತು.

ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಬೆಲ್ ಲ್ಯಾಬ್ಸ್, 1970ರ ದಶಕ, ಯುನಿಕ್ಸ್ ಹುಟ್ಟಿದ ಜಾಗ. ಅಲ್ಲಿ ಒಂದು ಫೋಟೋಟೈಪ್‌ಸೆಟ್ಟರ್ ಯಂತ್ರ ಬಂತು. ಅಕ್ಷರಗಳನ್ನು ಫೋಟೋ ಥರ ಕಾಗದದ ಮೇಲೆ ಮೂಡಿಸೋದು. ಆಮೇಲೆ ಆ ಉದ್ದ ಕಾಗದವನ್ನ ವಾಸನೆ ಹೊಡೆಯೋ ರಾಸಾಯನಿಕದ ಯಂತ್ರದೊಳಗೆ ತೂರಿಸಿ ಕೆಲವು ನಿಮಿಷ ಕಾಯಬೇಕು. ಅಲ್ಲಿ ಕೆಲಸ ಮಾಡ್ತಿದ್ದ ಸ್ಟೀವ್ ಜಾನ್ಸನ್ ಹೇಳಿರೋ ಪ್ರಕಾರ, ಒಂದು ಮಧ್ಯಾಹ್ನ ಹಲವರಿಗೆ ಒಂದೇ ಅನುಭವ ಆಯ್ತು. ಇಷ್ಟೆಲ್ಲ ಒದ್ದಾಡಿ ಹೊರಗೆ ಬಂದ ಕಾಗದದ ಮೇಲೆ ಇದ್ದದ್ದು ಒಂದೇ ಸಾಲು, ಅದೂ ಅಚ್ಚುಕಟ್ಟಾದ ಅಕ್ಷರದಲ್ಲಿ: ಇಂಥ ಫೈಲು ತೆರೆಯಲಾಗಲಿಲ್ಲ. ಎಲ್ಲರೂ ಗೊಣಗಿದರು. ಕೆಲವೇ ದಿನದಲ್ಲಿ ತಪ್ಪಿನ ಮಾತಿಗೆ ಅಂತಲೇ ಬೇರೆ ದಾರಿ ಮಾಡಿದರು. ಅದೇ ಸ್ಟ್ಯಾಂಡರ್ಡ್ ಎರರ್. ಕೆಲಸದ ಉತ್ತರ 1ನೇ ನಾಲೆಯಲ್ಲಿ ಹೋಗುತ್ತೆ, ತಪ್ಪಿನ ಸುದ್ದಿ 2ನೇ ನಾಲೆಯಲ್ಲಿ. ಮಲಪ್ರಭಾ ಎಡದಂಡೆ, ಬಲದಂಡೆ ಇದ್ದ ಹಾಗೆ ಅನ್ನಿ. ಪಿ-ಎರರ್ ಮುದ್ರಿಸೋದು ಯಾವಾಗಲೂ ಈ ಎರಡನೇ ನಾಲೆಗೇ.

ಪೈಥಾನ್ ಈ ಎರಡನೇ ನಾಲೆಗೆ ಇನ್ನೊಂದು ರಕ್ಷಣೆ ಕೊಟ್ಟಿದೆ. ಅಕ್ಷರ ಬರೆಯೋಕೆ ಆಗದಿದ್ದರೆ ಮೊದಲನೇ ನಾಲೆ ಕೈಚೆಲ್ಲುತ್ತೆ. ಎರಡನೇದು ಕೈಚೆಲ್ಲಲ್ಲ, ಆ ಅಕ್ಷರದ ಯುನಿಕೋಡ್ ನಂಬರನ್ನಾದರೂ ಬರೆಯುತ್ತೆ. ಕನ್ನಡದ ಅಕ್ಷರಗಳೆಲ್ಲ ಯುನಿಕೋಡ್‌ನಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಓಣಿಯಲ್ಲಿ ವಾಸ. ನನ್ನ ಚೆಂದದ ವಾಕ್ಯವನ್ನ ಎರಡನೇ ನಾಲೆಗೆ ತಿರುಗಿಸಿದಾಗ ಲಾಗ್ ಫೈಲಿನಲ್ಲಿ ಬಂದದ್ದು ಹಿಂದೋರೆ ಗೆರೆ, ಯು, 0ಸಿ ಏನೋ, ಮತ್ತೆ ಹಿಂದೋರೆ ಗೆರೆ, ಯು, 0ಸಿ ಇನ್ನೇನೋ. ಸಾಲುಗಟ್ಟಲೆ. ಮನುಷ್ಯರು ಓದೋ ಹಾಗಿರಲಿಲ್ಲ. ಆದ್ರೆ ಕಳೆದುಹೋಗಿರಲಿಲ್ಲ! ತಪ್ಪು ಹೇಳುವ ಬಾಯಿ ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು ಅಂತ ಯಾರೋ ಎಲ್ಲೋ ಕೂತು ಯೋಚನೆ ಮಾಡಿದ್ದಾರೆ. ಕೊನೆಗೆ ಔಟ್‌ಪುಟ್‌ಗೆ ಯುಟಿಎಫ್-8 ಅಂತ ಹೇಳಿದ ಮೇಲೆ ಕನ್ನಡ ಕನ್ನಡವಾಗಿ ಬಂತು.

ಕನ್ನಡದಲ್ಲಿ ಎರರ್ ಬೇಕಾ ಬೇಡ್ವಾ ಅಂತ ನೀವು ಕೇಳಬಹುದು. ನನಗೆ ಬೇಕು. ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಭಾಷೆ ಕನ್ನಡಕ್ಕೆ ಬದಲಿಸಿ ನೋಡಿದೆ. ಮೆನು ಎಷ್ಟೋ ಕನ್ನಡ ಆಯ್ತು, ಪರ್ಮಿಷನ್ ಡಿನೈಡ್ ಅನ್ನೋ ಸಾಲು ಮಾತ್ರ ಇಂಗ್ಲಿಷಿನಲ್ಲೇ ಉಳೀತು. ಎಸ್‌ಟಿಆರ್-ಎರರ್ ಸಿಸ್ಟಮ್ಮಿನ ಭಾಷೆ ನೋಡಿ ಮಾತು ಬದಲಿಸಬಲ್ಲದು, ಜರ್ಮನ್ ಹಾಕಿದರೆ ಜರ್ಮನ್‌ನಲ್ಲಿ ಹೇಳುತ್ತೆ. ಅನುವಾದ ಮಾಡಿಟ್ಟಿರಬೇಕು, ಅಷ್ಟೇ. ಆದ್ರೆ ಒಂದು ಎಚ್ಚರಿಕೆ. ಮೂಲ ಸಾಲನ್ನ ತೆಗೆದು ಆ ಜಾಗದಲ್ಲಿ ಕನ್ನಡ ಹಾಕಬೇಡಿ, ಪಕ್ಕದಲ್ಲಿ ಹಾಕಿ. ಯಾಕಂದ್ರೆ ಗೂಗಲ್‌ನಲ್ಲಿ ಹುಡುಕೋಕೆ ಆ ಇಂಗ್ಲಿಷ್ ಸಾಲೇ ಬೇಕು. ನಂಬರ್ ಯಾವ ಭಾಷೆಯಲ್ಲೂ ಬದಲಾಗಲ್ಲ. ಆದ್ರೆ ನಂಬರನ್ನೂ ಕಣ್ಣುಮುಚ್ಚಿ ನಂಬಬೇಡಿ. 2, 13, 28 ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಒಂದೇ. ಆದ್ರೆ 'ಈಗ ಆಗಲ್ಲ, ಆಮೇಲೆ ಬಾ' ಅನ್ನೋದು ಲಿನಕ್ಸ್‌ನಲ್ಲಿ 11, ಮ್ಯಾಕ್‌ನಲ್ಲಿ 35. ಅದಕ್ಕೆ ಕೋಡಿನಲ್ಲಿ ಹೋಲಿಸುವಾಗ ನಂಬರ್ ಬದಲು ಅದರ ಹೆಸರು ಬಳಸ್ತಾರೆ.

ಈಗ ಕಾಕಾನ ಪರದೆ ಮೇಲೆ ಏನು ಬರುತ್ತೆ ಅಂದ್ರೆ: ಮೊದಲ ಸಾಲು ದೊಡ್ಡದಾಗಿ, 'ನಮೂದಾಗಲಿಲ್ಲ'. ಎರಡನೇ ಸಾಲು, ಯಾರ ಫೈಲು, ಎಷ್ಟು ಸೀರೆ. ಮೂರನೇ ಸಾಲು, ಎಕ್ಸೆಲ್ ತೆರೆದಿದ್ದರೆ ಮುಚ್ಚಿ ಅಂತ. ನಾಲ್ಕನೇ ಸಾಲು ಸಿಸ್ಟಮ್ ಹೇಳಿದ್ದು, ನಂಬರ್ ಸಮೇತ, ಒಂದಕ್ಷರ ತಿದ್ದದೆ. 'ನಮೂದಾಯಿತು' ಅನ್ನೋ ಪದ ಸೇವ್ ಆದ ಮೇಲೆ, ಫೈಲನ್ನು ಮತ್ತೊಮ್ಮೆ ಓದಿ ಸಾಲು ಇದೆಯಾ ಅಂತ ನೋಡಿದ ಮೇಲೆ ಮಾತ್ರ. ಇಂಗ್ಲಿಷ್ ಬರದ ಕಾಕಾ ಈಗ ಫೋನ್ ಮಾಡಿ "ತಮ್ಮಾ, ಹದಿಮೂರು ಬಂದೈತಿ, ನಾನs ಮುಚ್ಚೀನಿ ತಗೋ" ಅಂತಾರೆ. ಒಂದು ಸಲ "ಇಪ್ಪತ್ತೆಂಟು ಬಂತು" ಅಂದ್ರು. ಡಿಸ್ಕ್ ತುಂಬಿತ್ತು. ಮೊಮ್ಮಕ್ಕಳು ಸಿನಿಮಾ ತುಂಬಿಸಿಟ್ಟಿದ್ದರು.

ಆ ದಿನ ಸಂಜೆಯೇ ನಾನೂ ಕಾಕಾನೂ ಅಕ್ಕಾರ ಮನೆಗೆ ಹೋದ್ವಿ. ಕಾಕಾ ಒಂಬತ್ತು ಸೀರೆಯ ಮಜೂರಿ ಎಣಿಸಿ ಮಗ್ಗದ ಪಕ್ಕ ಇಟ್ಟರು. ಏನು ಹೇಳಬೇಕೋ ಗೊತ್ತಾಗದೆ ನಿಂತರು. ನಾನೇ ಹೇಳಿದೆ, "ಅಕ್ಕಾರ, ತಪ್ಪು ನಂದ್ರಿ. ನಾ ಬರದ ಪ್ರೋಗ್ರಾಂ ಸುಳ್ಳು ಹೇಳ್ತು."

ಆಕೆ ಮಗ್ಗ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮಗ್ಗ ತಾನೇ ನಿಂತಿತು. ಲಾಳಿಯ ಕಂಡಿಕೆ ಮುಗಿದಿತ್ತು. ಹೊಕ್ಕಿನ ಎಳೆ ಇಲ್ಲದಿದ್ದರೆ ನಿಲ್ಲಿಸಿಬಿಡೋಕೆ ಪಾವರ್‌ಲೂಮಿನಲ್ಲಿ ಒಂದು ಮುಳ್ಳುಚಮಚದಂಥ ತುಂಡು ಇರುತ್ತೆ. ಎಳೆ ತಾಗಿದರೆ ಮಗ್ಗ ಓಡುತ್ತೆ, ತಾಗದಿದ್ದರೆ ನಿಲ್ಲುತ್ತೆ. ಆಕೆ ಕಂಡಿಕೆ ಬದಲಿಸ್ತಾ ಅಂದರು, "ಇದಕ್ಕ ಎಷ್ಟು ತಿಳಿತೈತಿ ನೋಡು ತಮ್ಮ. ಎಳಿ ಇಲ್ಲಂದ್ರ ನಿಲ್ತೈತಿ. ಹಾಸಿನ ಎಳಿ ಹರದ್ರ ಮಾತ್ರ ನಿಲ್ಲೂದಿಲ್ಲ, ಹಂಗs ನೇಕೊಂತ ಹೋಗ್ತೈತಿ. ಅದನ್ನ ನಾವs ಕಣ್ಣಿಟ್ಟು ನೋಡಬೇಕು." ನನ್ನ ಪ್ರೋಗ್ರಾಂ ಬಗ್ಗೆ ಹೇಳಿದ್ರೋ, ಬರೀ ಮಗ್ಗದ ಬಗ್ಗೆ ಹೇಳಿದ್ರೋ ಗೊತ್ತಾಗಲಿಲ್ಲ. ಕೇಳೋ ಧೈರ್ಯವೂ ಇರಲಿಲ್ಲ.

ಮುಂದಿನ ಬಟವಡೆಯಲ್ಲಿ, ಅವತ್ತು ಕೂತಿದ್ದ ಎಲ್ಲರ ಎದುರಿಗೆ, ಕಾಕಾ ಆಗಿದ್ದನ್ನ ಹೇಳಿದರು. ಮುಂಗಡದ ಮಾತು ಆಡಿದವರು ತಲೆ ಎತ್ತಲಿಲ್ಲ. ಆಕೆ ಈಗಲೂ ಕಾಕಾನ ಸೀರೆಯನ್ನೇ ನೇಯ್ತಾರೆ. ಆದ್ರೆ ಪ್ರತಿ ಸೀರೆಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೀತಾರೆ, ಕಾಕಾ ಪುಸ್ತಕವನ್ನೂ ಅಟ್ಟದಿಂದ ಇಳಿಸಿದ್ದಾರೆ. ಬಟವಡೆ ದಿನ ಮೂರೂ ತಾಳೆ ನೋಡ್ತಾರೆ.

ನಿಮ್ಮಲ್ಲಿ ಯಾರಾದ್ರೂ ಅಂಗಡಿಗೋ, ಸಂಘಕ್ಕೋ, ಅಪ್ಪನ ಹಾಲಿನ ಲೆಕ್ಕಕ್ಕೋ ಇಂಥ ಪ್ರೋಗ್ರಾಂ ಬರೆದುಕೊಟ್ಟಿದ್ದರೆ, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕೋಡಿನಲ್ಲಿ 'ಎಕ್ಸೆಪ್ಟ್' ಅಂತ ಹುಡುಕಿ, ಅದರ ಕೆಳಗೆ 'ಪಾಸ್' ಇದೆಯಾ ನೋಡಿ. ಆಮೇಲೆ ಬೇಕಂತಲೇ ಫೈಲು ಎಕ್ಸೆಲ್‌ನಲ್ಲಿ ತೆರೆದಿಟ್ಟು ಓಡಿಸಿ, ಪರದೆ ಮೇಲೆ ಏನು ಬರುತ್ತೆ ಅಂತ ನನಗೆ ಬರೆದು ಕಳಿಸಿ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರೋಣ. ಚೆಕ್ ಬೌನ್ಸ್ ನೋಟಿಸ್ ಬಗ್ಗೆ ಕೆಲವರು ಕೇಳಿದ್ರಿ, ಅದನ್ನೇ ಮಾತಾಡೋಣ. ಬರ್ತೀನಿ.